ಪುಸ್ತಕ ಪರಹಸ್ತ ಸೇರಲಿ

ಪುಸ್ತಕವನ್ನೂ ಹಣವನ್ನೂ ಪರರ ಕೈಗೆ ಕೊಡಬಾರದು, ಕೊಟ್ಟರೆ ಹೋದ ಹಾಗೆಯೇ ಎಂದು ಎಚ್ಚರಿಸುವ ಸಂಸ್ಕೃತ ಸುಭಾಷಿತವೊಂದಿದೆ. ಒಂದೊಮ್ಮೆ ಮರಳಿ ಬಂದರೂ ಹಣ ಚಿಲ್ಲರೆಯಾಗಿ, ಪುಸ್ತಕ ಹರುಕಾಗಿ ಬರುತ್ತದೆ ಎಂಬ ಮುಂದುವರಿಕೆಯೂ ಅದಕ್ಕುಂಟು. ಆ ಶ್ಲೋಕವು ಹೆಣ್ಣನ್ನೂ ಇದೇ ಸೊತ್ತಿನ ಪಟ್ಟಿಗೆ ಸೇರಿಸುತ್ತದೆ. ಅದು ಒಪ್ಪತಕ್ಕ ಮಾತಲ್ಲವಾದ್ದರಿಂದ ಇಲ್ಲಿಗೆ ಬಿಡೋಣ. ಪುಸ್ತಕದ ಕುರಿತಾದ ಎಚ್ಚರಿಕೆಯನ್ನಂತೂ ನಮ್ಮಲ್ಲಿ ಅನೇಕರು ವೇದವಾಕ್ಯವೆಂದೇ ನಂಬಿದ್ದಾರೆ. ಮನೆಯಲ್ಲಿ ಗಾಜಿನ ಕಪಾಟು, ಶಾಲೆಯಲ್ಲಿ ಕಬ್ಬಿಣದ ಕಪಾಟು, ಎರಡಕ್ಕೂ ಬೀಗ. ಈ ಬರಹದಲ್ಲಿ ನಾನು ಆ ಸುಭಾಷಿತದೊಡನೆ ತುಸು ವಾದಕ್ಕೆ ನಿಂತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೊನೆಯ ತನಕ ಓದಬೇಕೆಂದು ವಿನಂತಿ. ಏಕೆಂದರೆ ಕೊನೆಯಲ್ಲಿ ನಿಮ್ಮಿಂದ ಆಗಬೇಕಾದ ಒಂದು ಕೆಲಸವಿದೆ.

ಓದು ಮನುಷ್ಯನನ್ನು ರೂಪಿಸುತ್ತದೆ ಎಂದು ಸಭೆಗಳಲ್ಲಿ ನಾವೆಲ್ಲ ಹೇಳುತ್ತೇವೆ. ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ನಾನೇ ಕಪ್ಪು ಹಲಗೆಯ ಮೇಲೆ ಅದೆಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಹೇಗೆ ರೂಪಿಸುತ್ತದೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಪ್ರೌಢಶಾಲೆಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕನ್ನಡ, ಸಮಾಜ ವಿಜ್ಞಾನಗಳನ್ನು ಕಲಿಸಿದ ಅನುಭವದಿಂದ ನನಗೆ ತೋರಿರುವುದಿಷ್ಟು: ಒಬ್ಬರಿಂದ ಒಬ್ಬರಿಗೆ ದಾಟುತ್ತ, ಚರ್ಚೆಗೆ ಒಳಗಾಗುತ್ತ, ತುಸು ಹರಿಯುತ್ತ ಹೋದ ಪುಸ್ತಕವೇ ಊರನ್ನೂ ಮನೆಯನ್ನೂ ಬದಲಿಸಿದೆ. ಜೋಪಾನವಾಗಿ ಉಳಿದ ಪುಸ್ತಕ ಬಹಳವೆಂದರೆ ಗೋಡೆಗೆ ಶೋಭೆ ತಂದಿದೆ.

ಮೊದಲು ನಮ್ಮ ಹವೆಯ ಮಾತನ್ನೇ ತೆಗೆದುಕೊಳ್ಳೋಣ. ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಮ್ಮ ಮುಂಡಾಜೆಯ ಸೀಮೆಗೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಜೂನ್ ತಿಂಗಳಲ್ಲಿ ಮುಚ್ಚಿದ ಕಪಾಟನ್ನು ಚೌತಿಯ ಹೊತ್ತಿಗೆ ತೆರೆದರೆ ರಟ್ಟಿನ ಮೇಲೆಲ್ಲ ಬಿಳಿಯ ಬೂಷ್ಟು. ಇನ್ನೂ ಒಂದು ವರ್ಷ ಬಿಟ್ಟರೆ ಒರಲೆಯ ಮಣ್ಣು. ದಿನವೂ ಯಾರಾದರೂ ತೆಗೆದು ಪುಟ ಮಗುಚುವ ಪುಸ್ತಕಕ್ಕೆ ಈ ಬಾಧೆ ಕಡಿಮೆ. ಗಾಳಿ, ಬೆಳಕು, ಬೆರಳು, ಈ ಮೂರು ತಾಗುತ್ತಿದ್ದರೆ ಕಾಗದ ಬಾಳುತ್ತದೆ. ಕಾಪಾಡುವ ಉದ್ದೇಶದಿಂದಲೇ ಬೀಗ ಹಾಕುವವರು ಇದನ್ನು ಗಮನಿಸಬೇಕು.

ಇನ್ನು ಪುಸ್ತಕ ಉಳಿದೂ ಓದು ಇಲ್ಲದೆ ಹೋಗುವುದುಂಟು. ಇದಕ್ಕೆ ದೊಡ್ಡ ನಿದರ್ಶನ ನಮ್ಮ ನೆರೆಯಲ್ಲಿಯೇ ಇದೆ. ಗುರುವಾಯನಕೆರೆ, ವೇಣೂರು ಮಾರ್ಗವಾಗಿ ಮೂಡುಬಿದಿರೆಗೆ ಹೋದರೆ ಅಲ್ಲಿ ಗುರುಬಸದಿ ಇದೆ. ಸಿದ್ಧಾಂತ ಬಸದಿಯೆಂದೂ ಅದನ್ನು ಕರೆಯುತ್ತಾರೆ. ಜೈನರ ಪರಮಾಗಮವಾದ ಷಟ್ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಜಯಧವಲಾ ಮೊದಲಾದ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿ ಶತಮಾನಗಳ ಕಾಲ ಉಳಿದುಬಂದವು. ದೂರದ ಪ್ರಾಂತಗಳಿಂದ ಯಾತ್ರಿಕರು ಬಂದು ಭಕ್ತಿಯಿಂದ ದರ್ಶನ ಪಡೆದು ಹೋಗುತ್ತಿದ್ದರು. ದರ್ಶನವೇನೋ ಆಗುತ್ತಿತ್ತು, ಪಠನ ಆಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕಾರ್ಯ ತೊಡಗಿತು. ವಿದ್ವಾಂಸರಾದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಮೊದಲ್ಗೊಂಡು ಧವಲಾ ಟೀಕೆಯು ಹದಿನಾರು ಸಂಪುಟಗಳಲ್ಲಿ ಅಚ್ಚಾಯಿತು. ಆ ಬಳಿಕವೇ ಅದು ಜಗತ್ತಿನ ವಿದ್ವಾಂಸರ ಮೇಜಿಗೆ ಬಂದು, ಅದರೊಳಗಿನ ಗಣಿತವೂ ತತ್ತ್ವವೂ ಚರ್ಚೆಗೆ ಒದಗಿದವು.

ಆ ಗರಿಗಳನ್ನು ಕಾಯ್ದವರನ್ನು ನಾನು ಹಗುರವಾಗಿ ಕಾಣಲಾರೆ. ಅವರು ಕಾಯದೇ ಇದ್ದಿದ್ದರೆ ಪ್ರತಿಮಾಡುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಲೋಕದಲ್ಲಿ ಒಂದೇ ಪ್ರತಿ ಇರುವ ಗ್ರಂಥಕ್ಕೆ ಕಾವಲು ಬೇಕೇ ಬೇಕು. ಆದರೆ ಅಂಗಡಿಯಲ್ಲಿ ಇನ್ನೂರು ರೂಪಾಯಿಗೆ ಇನ್ನೊಂದು ಪ್ರತಿ ದೊರೆಯುವ ಕಾದಂಬರಿಗೂ ತಾಳೆಗರಿಗೆ ಸಲ್ಲುವ ಕಾವಲನ್ನೇ ಹಾಕುತ್ತೇವಲ್ಲ, ಅದಕ್ಕೆ ಏನೆನ್ನಬೇಕು?

ನಮ್ಮ ಪರಂಪರೆಯಲ್ಲಿ ಇದಕ್ಕೆ ಪ್ರತಿಯಾದ ಆದರ್ಶವೂ ಇದೆಯೆಂಬುದನ್ನು ಮರೆಯಬಾರದು. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಾಳಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾವು ಪಾಠದಲ್ಲಿ ಓದಿದ್ದೇವೆ. ಮುದ್ರಣಯಂತ್ರವಿಲ್ಲದ ಕಾಲ, ಪ್ರತಿಯೊಂದು ಗರಿಯನ್ನೂ ಕಂಠದಿಂದ ಕೊರೆದು, ಮಸಿ ತೀಡಿ ಸಿದ್ಧಗೊಳಿಸಬೇಕು. ಅಂಥ ಸಾವಿರ ಪ್ರತಿಗಳನ್ನು ಆಕೆ ತನ್ನ ಭಂಡಾರದಲ್ಲಿ ಇರಿಸಿಕೊಳ್ಳಲಿಲ್ಲ, ಕೊಟ್ಟುಬಿಟ್ಟಳು. ಅನ್ನದಾನ, ಔಷಧದಾನ, ಅಭಯದಾನಗಳ ಸಾಲಿನಲ್ಲಿ ಶಾಸ್ತ್ರದಾನವನ್ನೂ ಇರಿಸಿದ ಪರಂಪರೆ ಅದು. ಅತ್ತಿಮಬ್ಬೆಯ ಹೆಸರು ಸಾವಿರ ವರ್ಷ ಕಳೆದರೂ ಉಳಿದಿರುವುದು ಪುಸ್ತಕವನ್ನು ಪರಹಸ್ತಕ್ಕೆ ಕೊಟ್ಟದ್ದರಿಂದಲೇ.

ಆಧುನಿಕ ಕಾಲದಲ್ಲಿ ಇದೇ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿದವರು ಎಸ್. ಆರ್. ರಂಗನಾಥನ್. ಅವರು ಮೂಲತಃ ಗಣಿತದ ಅಧ್ಯಾಪಕರು. 1917ರಲ್ಲಿ ವೃತ್ತಿ ತೊಡಗಿದ್ದು ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. 1931ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವರು ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಹೇಳಿದರು. ಪುಸ್ತಕ ಇರುವುದು ಉಪಯೋಗಕ್ಕೆ ಎಂಬುದು ಅವುಗಳಲ್ಲಿ ಮೊದಲನೆಯದರ ತಾತ್ಪರ್ಯ. ಇಷ್ಟು ಸರಳವಾದುದನ್ನು ಸೂತ್ರವಾಗಿ ಹೇಳಬೇಕಾಗಿ ಬಂತೇಕೆ? ಯುರೋಪಿನ ಹಳೆಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದರು. ಇಂಗ್ಲೆಂಡಿನ ಹೆರೆಫರ್ಡ್ ಕೆಥೆಡ್ರಲಿನಲ್ಲಿ ಅಂಥ ಸರಪಳಿಯ ಗ್ರಂಥಾಲಯ ಇಂದಿಗೂ ಇದೆ. ಅಲ್ಲಿ ಅದು ನೋಡತಕ್ಕ ಪ್ರಾಚೀನ ವಸ್ತು. ನಮ್ಮಲ್ಲಿ ಸರಪಳಿಯ ಜಾಗಕ್ಕೆ ಬೀಗ ಬಂದಿದೆ, ಅಷ್ಟೆ.

ಶಾಲೆಯ ಕಪಾಟಿನ ಬೀಗಕ್ಕೆ ಕಾರಣ ಅಧ್ಯಾಪಕರ ಔದಾಸೀನ್ಯವೆಂದು ಸಾರಾಸಗಟಾಗಿ ಹೇಳುವುದು ನ್ಯಾಯವಲ್ಲ. ದಾಸ್ತಾನು ಪುಸ್ತಕದಲ್ಲಿ ಇನ್ನೂರ ನಲ್ವತ್ತು ಎಂದು ಬರೆದಿದ್ದರೆ ತಪಾಸಣೆಯ ದಿನ ಇನ್ನೂರ ನಲ್ವತ್ತೂ ಇರಬೇಕು. ಕಡಿಮೆ ಬಿದ್ದರೆ ವಿವರಣೆ ಕೊಡಬೇಕು, ಕೆಲವೊಮ್ಮೆ ಕೈಯಿಂದ ಕಟ್ಟಬೇಕು. ಆದರೆ ವರ್ಷವಿಡೀ ಒಂದು ಮಗುವೂ ಒಂದು ಪುಸ್ತಕವನ್ನೂ ಓದಲಿಲ್ಲವೆಂಬುದಕ್ಕೆ ವಿವರಣೆ ಕೇಳುವವರಿಲ್ಲ. ಹೀಗಿರುವಾಗ ವಿವೇಕಿಯಾದ ಅಧ್ಯಾಪಕ ಏನು ಮಾಡಿಯಾನು? ಬೀಗ ಹಾಕಿ ಕೀಲಿಕೈಯನ್ನು ಮುಖ್ಯೋಪಾಧ್ಯಾಯರ ಮೇಜಿನಲ್ಲಿರಿಸುತ್ತಾನೆ. ತಪ್ಪು ವ್ಯಕ್ತಿಯದಲ್ಲ, ಲೆಕ್ಕದ ಕ್ರಮದ್ದು.

ನಾನು ಇದಕ್ಕೊಂದು ಉಪಾಯ ಹೂಡಿದ್ದೆ. ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ನೆನಪಿರಬಹುದು. ಶಾಲೆಯ ಲೆಕ್ಕಕ್ಕೆ ಸೇರದ ನನ್ನ ಸ್ವಂತದ ನಲ್ವತ್ತು ಪುಸ್ತಕಗಳನ್ನು ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಯೊಂದರಲ್ಲಿ ತುಂಬಿ ಹಿಂದಿನ ಬೆಂಚಿನ ಪಕ್ಕದಲ್ಲಿರಿಸಿದ್ದೆ. ದಾಖಲೆ ಇಲ್ಲ, ಸಹಿ ಇಲ್ಲ, ದಂಡ ಇಲ್ಲ. ಬೇಕಾದವರು ಕೊಂಡೊಯ್ಯಬಹುದು, ಆದಾಗ ತಂದಿಡಬಹುದು. ಮೊದಲ ವರ್ಷದ ಕೊನೆಗೆ ಎಣಿಸಿದಾಗ ಇಪ್ಪತ್ತೊಂಬತ್ತು ಉಳಿದಿದ್ದವು. ಉಳಿದವುಗಳಲ್ಲಿ ಕೆಲವಕ್ಕೆ ಅಡಿಕೆಯ ಚೊಗರು, ಕೆಲವಕ್ಕೆ ಮಳೆಯ ನೀರು, ಒಂದಕ್ಕೆ ಮಾತ್ರ ಕರುವಿನ ಹಲ್ಲು. ಸಹೋದ್ಯೋಗಿಯೊಬ್ಬರು, ‘ಹನ್ನೊಂದು ಹೋಯಿತಲ್ಲ ಮಾಷ್ಟ್ರೇ’ ಎಂದು ಮರುಗಿದರು.

ಆ ಹನ್ನೊಂದರಲ್ಲಿ ಒಂದನ್ನು ಬಹುಕಾಲದ ನಂತರ ನಾನು ಕಂಡೆ. ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆ ಹೋಗಿದ್ದಾಗ ಅವನ ಅತ್ತಿಗೆ ಒಳಗಿನಿಂದ ಪುಸ್ತಕವೊಂದನ್ನು ತಂದು ತೋರಿಸಿದರು. ಶಿವರಾಮ ಕಾರಂತರ ‘ಬೆಟ್ಟದ ಜೀವ’. ಮೊದಲ ಹಾಳೆಯಲ್ಲಿ ನನ್ನ ಹೆಸರಿನ ಕೆಳಗೆ ಬೇರೆ ಬೇರೆ ಅಕ್ಷರಗಳಲ್ಲಿ ಐದು ಹೆಸರುಗಳಿದ್ದವು. ಇಬ್ಬರು ನನಗೆ ಪರಿಚಿತರೇ ಅಲ್ಲ. ಕಪಾಟಿನಲ್ಲಿದ್ದಿದ್ದರೆ ಆ ಪುಸ್ತಕಕ್ಕೆ ಒಬ್ಬನೇ ಓದುಗ, ನಾನು. ಕಳೆದುಹೋದದ್ದರಿಂದ ಆರು ಮಂದಿ ಆದರು. ಇದನ್ನು ನಷ್ಟವೆಂದು ಬರೆದುಕೊಳ್ಳುವ ದಾಸ್ತಾನು ಪುಸ್ತಕದ ಮೇಲೆ ನನಗೆ ವಿಶ್ವಾಸವಿಲ್ಲ.

ಓದಿದವರ ಸಂಖ್ಯೆ ಹೆಚ್ಚಿತು, ಸರಿ. ಅದರಿಂದ ಆದದ್ದೇನು ಎಂದು ನೀವು ಕೇಳಬಹುದು. ಇದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಒಂದು ತರಗತಿಯದು. ಕಾರಂತರ ‘ಚೋಮನ ದುಡಿ’ 1933ರಲ್ಲಿ ಬಂದ ಕಾದಂಬರಿ. ಎತ್ತುಗಳಿದ್ದೂ ಉಳುವ ನೆಲವಿಲ್ಲದ, ಜಾತಿಯ ಕಾರಣದಿಂದ ಆ ಆಸೆಯೇ ನಿಷಿದ್ಧವಾದ ಮನುಷ್ಯನೊಬ್ಬನ ಕಥೆ. ನಮ್ಮ ಬಂಟ್ವಾಳ ತಾಲೂಕಿನ ಮಂಚಿಯವರಾದ ಬಿ. ವಿ. ಕಾರಂತರು 1975ರಲ್ಲಿ ಅದನ್ನು ಚಲನಚಿತ್ರ ಮಾಡಿ, ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಬಿಡುವಿನ ಅವಧಿಗಳಲ್ಲಿ ನಾನು ಆ ಕಾದಂಬರಿಯನ್ನು ಒಂಬತ್ತನೆಯ ತರಗತಿಗೆ ಓದಿ ಹೇಳುತ್ತಿದ್ದೆ. ಒಂದೇ ಬೆಂಚಿನಲ್ಲಿ ಹಿಂದಿನ ಧಣಿಗಳ ಮೊಮ್ಮಕ್ಕಳೂ ಹಿಂದಿನ ಒಕ್ಕಲುಗಳ ಮೊಮ್ಮಕ್ಕಳೂ ತೋಟದ ಕೆಲಸಕ್ಕೆ ಹೋಗುವವರ ಮಕ್ಕಳೂ ಇರುತ್ತಿದ್ದರು. ಒಂದು ದಿನ ಹುಡುಗಿಯೊಬ್ಬಳು ಎದ್ದು ನಿಂತು, ‘ಸರ್, ಚೋಮನಿಗೆ ಡಿಕ್ಲರೇಶನ್ ಸಿಗುತ್ತಿತ್ತೇ?’ ಎಂದು ಕೇಳಿದಳು.

ಹೊರಗಿನವರಿಗೆ ಈ ಪ್ರಶ್ನೆಯ ಗಾಂಭೀರ್ಯ ತಿಳಿಯಲಿಕ್ಕಿಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಜಾರಿಗೆ ಬಂದಾಗ ನಮ್ಮ ಜಿಲ್ಲೆಯಲ್ಲಿ ಗೇಣಿಗೆ ದುಡಿಯುತ್ತಿದ್ದ ಬಹುಸಂಖ್ಯೆಯ ಕುಟುಂಬಗಳು ಅರ್ಜಿ ಕೊಟ್ಟು ಭೂಮಿಯ ಒಡೆತನ ಪಡೆದವು. ಊರ ಬಾಯಲ್ಲಿ ಅದಕ್ಕೆ ‘ಡಿಕ್ಲರೇಶನ್’ ಎಂದೇ ಹೆಸರು. ಆದರೆ ಚೋಮ ಗೇಣಿದಾರನಲ್ಲ, ಧಣಿಯ ಮೂಲದಾಳು. ಗೇಣಿಯ ಚೀಟಿಯೇ ಇಲ್ಲದವನಿಗೆ ಆ ಕಾಯಿದೆಯಿಂದ ಉಳುವ ಭೂಮಿ ದಕ್ಕುತ್ತಿರಲಿಲ್ಲ. ಇದನ್ನು ಹೇಳಿದಾಗ ತರಗತಿ ಸ್ತಬ್ಧವಾಯಿತು. ಮರುದಿನ ಮಕ್ಕಳು ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ತಿಳಿದ ಸಂಗತಿಗಳನ್ನು ಹೊತ್ತು ಬಂದರು. ಯಾರ ಭೂಮಿ ಹೋಯಿತು, ಯಾರಿಗೆ ಬಂತು, ಯಾರಿಗೆ ಬರಲೇ ಇಲ್ಲ ಎಂಬ ಮಾತು ಆ ಮಕ್ಕಳ ನಡುವೆ ಮೊದಲ ಸಲ ಬಾಯಿ ಬಿಟ್ಟು ನಡೆಯಿತು. ನನ್ನ ಸಮಾಜ ವಿಜ್ಞಾನದ ಪಾಠ ಮಾಡಲಾರದ್ದನ್ನು ಒಂದು ಕಾದಂಬರಿ ಮಾಡಿತು.

ಇನ್ನೊಂದು ನಮ್ಮ ಮನೆಯದು. ನನ್ನ ದೊಡ್ಡಮ್ಮ ಐದನೆಯ ತರಗತಿಗೆ ಶಾಲೆ ಬಿಟ್ಟವರು. ಅವರ ಓದೆಲ್ಲ ಕಡ ತಂದದ್ದು. 1965ರಲ್ಲಿ ಆರಂಭವಾದ ‘ಸುಧಾ’, 1973ರ ‘ತುಷಾರ’ ಇವೆಲ್ಲ ಊರಿನ ಒಂದೆರಡು ಮನೆಗೆ ಬಂದು, ಅಲ್ಲಿಂದ ಏಳೆಂಟು ಮನೆ ಸುತ್ತಿ, ಕೊನೆಗೆ ರಕ್ಷಾಪುಟ ಕಳಚಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದವು. ಧಾರಾವಾಹಿಯ ಪುಟಗಳನ್ನು ಬಿಡಿಸಿ, ಸೂಜಿದಾರದಿಂದ ಹೊಲಿದು ಅವರು ಪುಸ್ತಕ ಮಾಡುತ್ತಿದ್ದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಪ್ರಕಟವಾದ ಕಾದಂಬರಿ. ಬಾಲವಿಧವೆಯೊಬ್ಬಳ ಬಾಳಿನ ಕಥೆ. ಅದೂ ಹೀಗೆಯೇ ಕೈಯಿಂದ ಕೈಗೆ ದಾಟಿ ದೊಡ್ಡಮ್ಮನಿಗೆ ತಲುಪಿತು. ಕೆಲವು ವರ್ಷಗಳ ಬಳಿಕ ಮನೆಯಲ್ಲಿ ಮದುವೆ ನಡೆದಾಗ, ಶುಭಕಾರ್ಯಕ್ಕೆ ಎದುರು ಬರಬಾರದೆಂದು ಹಿಂದಿನ ಕೋಣೆಯಲ್ಲಿ ಕುಳಿತಿದ್ದ ವಿಧವೆ ನಾದಿನಿಯನ್ನು ದೊಡ್ಡಮ್ಮ ಕೈಹಿಡಿದು ಕರೆತಂದು ಮಂಟಪದ ಮುಂದೆ ಕುಳ್ಳಿರಿಸಿದರು. ಹಿರಿಯರು ಗೊಣಗಿದರು, ದೊಡ್ಡಮ್ಮ ಮಾತನಾಡಲಿಲ್ಲ, ನಾದಿನಿಯ ಪಕ್ಕದಲ್ಲಿ ತಾವೂ ಕುಳಿತರು. ಪುಸ್ತಕವೊಂದರಿಂದಲೇ ಇದಾಯಿತೆಂದು ನಾನು ಸಾಧಿಸಲಾರೆ. ಆದರೆ ಆ ಪುಸ್ತಕವನ್ನು ಮೂರು ಸಲ ಓದಿದ್ದೇನೆಂದು ಅವರೇ ನನಗೆ ಹೇಳಿದ್ದುಂಟು.

ಓದು ಹೀಗೆ ಇನ್ನೊಬ್ಬರ ಜಾಗದಲ್ಲಿ ನಮ್ಮನ್ನು ನಿಲ್ಲಿಸುತ್ತದೆ. ನಮ್ಮೂರ ತಾಳಮದ್ದಳೆಯನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ರಾತ್ರಿಗಳಲ್ಲಿ ಅರ್ಥಧಾರಿಗಳು ಕೂಡುತ್ತಾರೆ. ಭಾಗವತರ ಪದ್ಯ ಮಾತ್ರ ನಿಶ್ಚಿತ. ಮಾತೆಲ್ಲ ಅವರವರ ಓದಿನಿಂದ ಆ ಕ್ಷಣಕ್ಕೆ ಹುಟ್ಟಬೇಕು. ಇಂದು ರಾಮನ ಅರ್ಥ ಹೇಳಿದವನು ನಾಳೆ ವಾಲಿಯಾಗಿ ರಾಮನನ್ನೇ ಪ್ರಶ್ನಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನೋ ರಾವಣನನ್ನೋ ಕೇಳಿದವರು, ಎದುರುಪಕ್ಷಕ್ಕೂ ಎಂಥ ನ್ಯಾಯವಿದೆಯೆಂದು ಬೆರಗಾಗಿ ಮನೆಗೆ ಮರಳುತ್ತಿದ್ದರು. ಅಕ್ಷರ ಬಾರದ ಕೃಷಿಕರೂ ಆ ಸಭೆಯಲ್ಲಿ ಕುಳಿತು ಯಾರ ವಾದ ಗೆದ್ದಿತೆಂದು ತೀರ್ಪು ಕೊಡುತ್ತಿದ್ದರು. ಅರ್ಥಧಾರಿಯೊಬ್ಬನ ಓದು ಊರಿಗೆಲ್ಲ ಹಂಚಿಕೆಯಾಗುತ್ತಿದ್ದ ಬಗೆ ಅದು.

ಕೈಗೆ ಸಿಗುವಂಥ ಪುಸ್ತಕಗಳನ್ನು ಬರೆದುಕೊಡುವುದರಲ್ಲಿಯೂ ನಮ್ಮ ನಾಡು ಹಿಂದೆ ಬಿದ್ದಿರಲಿಲ್ಲ. ಬಂಟ್ವಾಳದಲ್ಲಿ 1874ರಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಅಧ್ಯಾಪಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದವರು. ಮಕ್ಕಳಿಗೆ ಕನ್ನಡದಲ್ಲಿ ಓದಲು ಏನೂ ಇಲ್ಲವೆಂದು ಕಂಡು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಪದ್ಯ, ಕತೆಗಳನ್ನು ತಾವೇ ಬರೆದರು. ಅದೇ ಹಂಬಲದಿಂದ ಕಾರಂತರು ಪುತ್ತೂರಿನಲ್ಲಿದ್ದುಕೊಂಡು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ರಚಿಸಿದರು. ಇವರೆಲ್ಲ ಹಳ್ಳಿಯ ಮಗುವಿನ ಕೈಯನ್ನು ಮನಸ್ಸಿನಲ್ಲಿಟ್ಟು ಬರೆದರು. ಆ ಕೈಗೂ ಪುಸ್ತಕಕ್ಕೂ ನಡುವೆ ಬೀಗ ಬಂದರೆ ಅವರ ಶ್ರಮಕ್ಕೆ ಏನರ್ಥ?

ಈಗ ಮೊಬೈಲು ಇರುವಾಗ ಇದೆಲ್ಲ ಏಕೆ ಎನ್ನುವವರಿದ್ದಾರೆ. ನಾನು ಮೊಬೈಲಿನ ವೈರಿಯಲ್ಲ. ದೂರದ ದೇಶಗಳಲ್ಲಿರುವ ನನ್ನ ವಿದ್ಯಾರ್ಥಿಗಳು ಅಂತರಜಾಲದಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನು ಹುಡುಕಿ ಓದುತ್ತಿರುವುದು ಸಂತೋಷದ ಸಂಗತಿ. ಆದರೆ ಒಂದು ವ್ಯತ್ಯಾಸವಿದೆ. ಮೊಬೈಲು ನಾವು ನಿನ್ನೆ ಮೆಚ್ಚಿದ್ದನ್ನೇ ಇಂದು ಮತ್ತೆ ಬಡಿಸುತ್ತದೆ. ಪೆಟ್ಟಿಗೆಯಲ್ಲಿ ಕೈಹಾಕಿದ ಹುಡುಗನಿಗೆ ಅವನು ಕೇಳದೇ ಇದ್ದ ಪುಸ್ತಕ ಸಿಗುತ್ತದೆ. ಕ್ರಿಕೆಟ್ಟಿನ ಪುಸ್ತಕ ಹುಡುಕಲು ಬಂದವನು ಹಕ್ಕಿಗಳ ಪುಸ್ತಕ ಹಿಡಿದು ಹೋದದ್ದನ್ನು ನಾನು ಕಂಡಿದ್ದೇನೆ.

ಮಾರ್ಗಗಳಿಲ್ಲವೆಂದಲ್ಲ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರಿಂದಲೇ ಇದೆ. ಆಸ್ತಿ ತೆರಿಗೆಯೊಡನೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. 2019ರಲ್ಲಿ ಗ್ರಾಮ ಪಂಚಾಯತಿನ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಇವುಗಳಿಗೆ ‘ಅರಿವು ಕೇಂದ್ರ’ವೆಂಬ ಹೆಸರಿದೆ. ಹೆಸರು ಚೆನ್ನಾಗಿದೆ. ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು, ಭಾನುವಾರವೂ ತೆರೆದಿರಬೇಕು, ಪುಸ್ತಕ ಮನೆಗೆ ಹೋಗಬೇಕು. ಶಾಲೆಗಳಲ್ಲಿಯೂ ವರ್ಷಕ್ಕೆ ಹತ್ತರಲ್ಲಿ ಒಂದು ಪುಸ್ತಕ ಹರಿದರೆ ಅಥವಾ ಕಳೆದರೆ ಪ್ರಶ್ನಿಸದೆ ಲೆಕ್ಕದಿಂದ ತೆಗೆಯುವ ನಿಯಮ ಬರಬೇಕು. ಚಾಕ್‌ಪೀಸು ಸವೆದರೆ ಯಾರೂ ದಂಡ ಕೇಳುವುದಿಲ್ಲ. ಪುಸ್ತಕವೂ ಸವೆಯತಕ್ಕ ಸಾಧನವೇ.

ಕಳ್ಳರಿಗೆ, ಬೇಜವಾಬ್ದಾರರಿಗೆ ಇದರಿಂದ ಅನುಕೂಲವಾಗದೇ ಎಂಬ ಆಕ್ಷೇಪ ಬರಬಹುದು. ಆಗಬಹುದು. ಪುಸ್ತಕ ಕದ್ದು ಗುಜರಿಗೆ ಹಾಕುವವನೂ ಇದ್ದಾನು. ಆದರೆ ಅವನೊಬ್ಬನಿಗೆ ಹೆದರಿ ಮೂವತ್ತು ಮಕ್ಕಳಿಗೆ ಬಾಗಿಲು ಮುಚ್ಚುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ.

ಕೊನೆಯದಾಗಿ, ಆರಂಭದಲ್ಲಿ ಹೇಳಿದ ಕೆಲಸದ ವಿಷಯ. ನನ್ನಲ್ಲಿ ಈಗ ಸುಮಾರು ಒಂದು ಸಾವಿರದ ಇನ್ನೂರು ಪುಸ್ತಕಗಳಿವೆ. ಮಕ್ಕಳು ಊರಿನಿಂದ ದೂರ ಇದ್ದಾರೆ. ಮೊಮ್ಮಕ್ಕಳು ಕನ್ನಡ ಮಾತನಾಡುತ್ತಾರೆ, ಓದಲು ತಡವರಿಸುತ್ತಾರೆ. ನನ್ನ ಕಾಲಾನಂತರ ಇವನ್ನೆಲ್ಲ ಒಂದು ಕೋಣೆಯಲ್ಲಿ ಜೋಡಿಸಿ, ನನ್ನ ಭಾವಚಿತ್ರ ತೂಗುಹಾಕಿ, ನೆನಪಿಗೆ ಉಳಿಸಿಕೊಳ್ಳೋಣವೆಂದು ಬಂಧುಗಳಲ್ಲಿ ಕೆಲವರು ಪ್ರೀತಿಯಿಂದ ಹೇಳಿದ್ದಾರೆ. ಅವರ ಪ್ರೀತಿಗೆ ನಮಸ್ಕಾರ, ಆದರೆ ಅದು ಬೇಡ. ಬದುಕಿರುವಾಗಲೇ ಇವುಗಳನ್ನು ಕೊಟ್ಟು ಮುಗಿಸಬೇಕೆಂದು ನಿಶ್ಚಯಿಸಿದ್ದೇನೆ. ಮಕ್ಕಳ ಪುಸ್ತಕಗಳನ್ನು ಪಂಚಾಯತಿನ ಗ್ರಂಥಾಲಯಕ್ಕೆಂದು ಬೇರೆ ಇರಿಸಿದ್ದೇನೆ. ಉಳಿದವು ನಿಮ್ಮವು. ಊರಿಗೆ ಬಂದಾಗ ಮನೆಗೆ ಬನ್ನಿ, ಐದೋ ಹತ್ತೋ ಆರಿಸಿಕೊಳ್ಳಿ. ಒಂದೇ ಷರತ್ತು: ಓದಿದ ಮೇಲೆ ಇನ್ನೊಬ್ಬರಿಗೆ ದಾಟಿಸಬೇಕು, ಮೊದಲ ಹಾಳೆಯಲ್ಲಿ ನಿಮ್ಮ ಹೆಸರು ಬರೆಯಬೇಕು. ನನಗೆ ಮರಳಿಸುವುದು ಬೇಡ. ಬರುವಾಗ ಗಟ್ಟಿಯಾದ ಚೀಲ ತನ್ನಿ. ಮಳೆಗಾಲವಾದರೆ ಪ್ಲಾಸ್ಟಿಕ್ಕನ್ನೂ ತರಲು ಮರೆಯಬೇಡಿ.